ನೆಲಕ್ಕೆ ಹೆಪ್ಪು

ಕನಾಸ್ತ್ರ ಬೆಟ್ಟದ ಕೆಮ್ಮಣ್ಣ ದಾರಿಯಲ್ಲಿ
ಥರ್ಮೊಕೋಲ್ ಪೆಟ್ಟಿಗೆ ತೊಡೆಯ ಮೇಲಿಟ್ಟು ಬಂದೆ,
ಗುಂಡಿಗೊಮ್ಮೆ ಉಸಿರು ಹಿಡಿದು.
ಒಳಗೆ ಮಂಜುಗಡ್ಡೆ, ನಡುವೆ
ಕದಡಿದ ಗಂಜಿಯಂಥ ನೀರು ತುಂಬಿದ ಎರಡು ಚೀಲ.
ಸಹಕಾರ ಸಂಘದವರು ಕಲಿಸಿದ್ದು ಬಾಯಿಪಾಠವಾಗಿತ್ತು:
ಒಂದು ಚಮಚೆಯಲ್ಲಿ ಕೋಟಿ ಕೋಟಿ ಜೀವ,
ಗಾಳಿಯ ಸಾರಜನಕ ಹಿಡಿದು
ಹುಲ್ಲಿನ ಬೇರಿಗೆ ಉಣಿಸುತ್ತವೆ.

ದೋನ ಜೆನೊವೇವ ತಲೆಯೆತ್ತಲಿಲ್ಲ.
ಮೊಣಕೈವರೆಗೂ ಒಡೆದ ಹಾಲಿನಲ್ಲಿದ್ದಳು,
ಗಿಣ್ಣದ ಗಡ್ಡೆಗಳನ್ನು ಬಟ್ಟೆಯಲ್ಲಿ ಹಿಂಡುತ್ತ.
'ಕಾಣದ್ದನ್ನು ಮಾರೋಕೆ ಬಂದಿದ್ದೀಯ, ವಾಂದರ್ಲೆ.
ಪಾದ್ರಿಯೂ ಅದನ್ನೇ ಮಾಡ್ತಾನೆ.
ಅವನು ಬಿಲ್ಲು ಕೊಡಲ್ಲ, ಅಷ್ಟೆ.'

ಮಾತು ಮುಗಿದಿತ್ತು. ಟೋಪಿ ಹಾಕಿಕೊಂಡೆ.
ಆಗ ಕಂಡಿತು, ಓರೆ ಹಲಗೆಯ ತುದಿಯಲ್ಲಿ ಒಂದು ಬೋಗುಣಿ:
ನಿನ್ನೆಯ ಗಿಣ್ಣ ಉಪ್ಪು ಹೊದ್ದು ಮಲಗಿ
ರಾತ್ರಿಯಿಡೀ ಇಳಿಸಿದ ಹನಿ.
ಪಿಂಗೊ ಅನ್ನುತ್ತಾರೆ ಇಲ್ಲಿ, ತೊಟ್ಟು ಎಂದರ್ಥ.
ನಾಳೆಯ ಹಾಲಿಗೆ ಅದೇ ಹೆಪ್ಪು.
ಅವಳ ಅಜ್ಜಿಯದು; ಒಂದು ಮಳೆಗಾಲ ಕೆಟ್ಟು
ಗಿಣ್ಣವೆಲ್ಲ ಹೊಟ್ಟೆಯುಬ್ಬಿ ಸಿಡಿದಾಗ
ಒರೊಜಿಂಬೊನ ಮನೆಯಿಂದ ತಂದಿದ್ದಳಂತೆ,
ಒರತೆಯ ನೀರಿಗಾಗಿ ಹನ್ನೊಂದು ವರ್ಷ
ಮಾತು ಬಿಟ್ಟವನ ಮನೆಯಿಂದ.
ಹೆಪ್ಪು ಕೇಳಿದರೆ ಇಲ್ಲವೆನ್ನಬಾರದು,
ಬೆಟ್ಟದಲ್ಲಿ ಅಷ್ಟೊಂದು ಕಾನೂನು ಉಳಿದಿದೆ.

'ಇದೂ ಹೆಪ್ಪೇ,' ಅಂದೆ. 'ಹಾಲಿಗಲ್ಲ, ನೆಲಕ್ಕೆ.'

ಕೈ ಒರೆಸಿಕೊಂಡಳು.
ಆಮೇಲೆ ನನ್ನದೇ ವಿಚಾರಣೆ.
ಬಿಸಿಲು ತಡೆಯುತ್ತಾ? ಇಲ್ಲ.
ಊರಿನ ನಲ್ಲಿಯ ಕ್ಲೋರಿನ್ ನೀರು? ಇಲ್ಲ.
ಈ ಪಂಪಿನಲ್ಲಿ ಮೊದಲು ಏನು ಹಾಕಿದ್ದೆ?
ನೆಲ ನೋಡಿದೆ. ಕಳೆನಾಶಕ.
ಏಳು ಸಲ ತೊಳೆಸಿದಳು,
ಹಾಲಿನ ಕ್ಯಾನಿನಂತೆ ಒಳಗೆ ಮೂಗಿಟ್ಟು ನೋಡಿ
ಎಂಟನೆಯ ಸಲವೂ.

ಸೂರ್ಯ ಇಳಿದ ಮೇಲೆ ಹೊರಟೆವು.
ಗೆದ್ದಲ ಗೂಡುಗಳ ನಡುವೆ ಬ್ರಾಕಿಯಾರಿಯ ಹುಲ್ಲು,
ಮುದುಕನ ಗಡ್ಡದಂತೆ ಬೋಳು ಬೋಳಾಗಿ ಹಳದಿ.
ಎಲ್ಲೋ ಒಂದು ಸಿರಿಯೆಮ ಹಕ್ಕಿ ನಾಯಿಮರಿಯಂತೆ ಬೊಗಳಿತು.
ಅವಳು ಲಾಟೀನು ಹಿಡಿದಳು, ನಾನು ಪಂಪು ಒತ್ತಿದೆ.
ಕೊನೆಯ ಪಟ್ಟಿಗೆ ನೀರು ಮುಗಿಯಿತು.
'ಇರಲಿ ಬಿಡು,' ಅಂದಳು,
'ನೆಲಕ್ಕೂ ಒಂದು ಮಾತು ಆಡಲು ಜಾಗ ಬೇಕು.'

ಆರು ವಾರ, ನಾಲ್ಕು ಒಳ್ಳೆಯ ಮಳೆ.
ಪವಾಡವೇನಿಲ್ಲ, ನಿಜ ಹೇಳಬೇಕು.
ಆದರೂ ಇಳಿಜಾರಿನಲ್ಲಿ ಬೈತಲೆ ತೆಗೆದಂತೆ ಒಂದು ಗೆರೆ,
ಆಚೆ ಹಳದಿ, ಈಚೆ ತುಸು ಕಪ್ಪಿಗೆ ತಿರುಗಿದ ಹಸಿರು.
ಬೊನಾನ್ಸ ಎಂಬ ದನ ಮೇಯುತ್ತ ಬಂದು
ಗೆರೆಯ ಬಳಿ ಬೇಲಿಯೇ ಇದ್ದಂತೆ ತಿರುಗಿಕೊಂಡಿತು.
ಜೆನೊವೇವ ಎರಡೂ ಕಡೆ ಒಂದೊಂದು ಬುಡ ಕಿತ್ತಳು.
ಒಂದು ಸುಮ್ಮನೆ ಬಂತು.
ಇನ್ನೊಂದು ಹಿಡಿ ಮಣ್ಣು ಕಚ್ಚಿಕೊಂಡು,
ಬಿಡುವುದಿಲ್ಲವೆಂದು ಹಟಮಾಡಿ ಬಂತು.

'ಇದರಲ್ಲಿ ಸ್ವಲ್ಪ ಉಳಿಸಿ
ಮುಂದಿನ ವರ್ಷಕ್ಕೆ ಹಾಕಬಹುದಾ?'
ಇಲ್ಲ, ಬೇರೆ ಕ್ರಿಮಿ ಸೇರಿ ಕೆಡುತ್ತದೆ,
ಪ್ರತಿ ಸಲ ಹೊಸದು ಕೊಳ್ಳಬೇಕು.
ಕಾಸಿಲ್ಲದವನನ್ನು ನೋಡುವಂತೆ ನೋಡಿದಳು.
'ಹಾಗಾದರೆ ನಿಮ್ಮದು ಅರ್ಧ ಹೆಪ್ಪು.'

ಆವತ್ತು ಸಂಜೆ ಬೇಲಿಯಾಚೆ ಒರೊಜಿಂಬೊ
ಖಾಲಿ ಕ್ಯಾನು ಹಿಡಿದು ನಿಂತಿದ್ದ,
ನಮ್ಮನ್ನಲ್ಲ, ಹುಲ್ಲನ್ನು ನೋಡುತ್ತ.
ಗಿಣ್ಣದ ಕೋಣೆಯ ಫ್ರಿಜ್ಜಿನಿಂದ ಎರಡನೆಯ ಚೀಲ ತಂದು
ಅರ್ಧ ಅವನ ಕ್ಯಾನಿಗೆ ಸುರಿದಳು. ಮಾತಿಲ್ಲ.
ನನ್ನ ರಸೀದಿ ಪುಸ್ತಕದಲ್ಲಿ ಇದಕ್ಕೊಂದು ಕಲಮಿರಲಿಲ್ಲ.
ಪೆನ್ನು ಜೇಬಿಗಿಟ್ಟು, ಬೇಲಿಯತ್ತ ಕೂಗಿದೆ:
'ಬಿಸಿಲು ಪೂರ್ತಿ ಹೋಗಲಿ.
ಪಂಪು ಎಂಟು ಸಲ ತೊಳೆ.'